ತೊಟ್ಟಿಲಲ್ಲಿರುವ ಯಜಮಾನರು

ಹೆಸರು ಕೇಳುವ ಮೊದಲೇ ‘ನೀ ಯಾರ ಮಗ?’ ಎಂದು ಕೇಳುವುದು ನಮ್ಮ ಕಡೆಯ ರೂಢಿ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೇಳುತ್ತಾರೆ, ಮದುವೆಯ ಪಂಗತಿಯಲ್ಲಿ ಕೇಳುತ್ತಾರೆ, ಹಲ್ಲು ಕೀಳುವ ಡಾಕ್ಟರಂತೂ ಬಾಯಿಗೆ ಇಕ್ಕಳ ಹಾಕಿದ ಮೇಲೆಯೇ ಕೇಳುತ್ತಾರೆ. ಮನುಷ್ಯರು ಕೇಳಿದರೆ ಏನೋ ಒಂದು ಗೊಣಗಿ ಪಾರಾಗಬಹುದು. ಅದೇ ಪ್ರಶ್ನೆಯನ್ನು ಒಂದು ಯಂತ್ರ ಕೇಳತೊಡಗಿದರೆ? ಉತ್ತರ ಸಿಗುವವರೆಗೆ ನಲ್ಲಿಯಲ್ಲಿ ನೀರು ಬಿಡದೆ ಕೂತರೆ?

ಬೆಟಗೇರಿಯಲ್ಲಿ ಅದು ಕೇಳುತ್ತಿತ್ತು. ಅದರ ಹೆಸರು ‘ಮನೆತನ’.

ಮನೆತನದಲ್ಲಿ ಊರಿನ ಪ್ರತಿಯೊಬ್ಬರಿಗೂ ಒಂದು ಖಾತೆ. ಆದರೆ ಯಾರ ಖಾತೆಯೂ ಬಯಲಲ್ಲಿ ಒಂಟಿಯಾಗಿ ನಿಂತಿರಲಿಲ್ಲ. ಮಗನ ಖಾತೆ ಅಪ್ಪನದರ ಒಳಗೆ, ಅಪ್ಪನದು ಅಜ್ಜನದರ ಒಳಗೆ, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಮಗನನ್ನು ಮುಟ್ಟಬೇಕಾದರೆ ಅಜ್ಜನ ಮುಚ್ಚಳ ತೆಗೆದು, ಅಪ್ಪನ ಮುಚ್ಚಳ ತೆಗೆದು, ಆಮೇಲೆ ಕೈ ಹಾಕಬೇಕು. ಸೊಸೆ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದ ಗಳಿಗೆಯಲ್ಲೇ ಅವಳ ಖಾತೆ ತವರಿನ ಡಬ್ಬಿಯಿಂದ ಹಾರಿ ಮಾವನ ಡಬ್ಬಿಗೆ ಬೀಳುತ್ತಿತ್ತು. ಬಾಗಿಲು, ನಲ್ಲಿ, ಬಸ್ಸು, ದವಾಖಾನೆಯ ಸೂಜಿ, ಮಗುವಿನ ತೊಟ್ಟಿಲು ಎಲ್ಲವೂ ಈ ವಂಶದ ದಾರಿ ಹಿಡಿದೇ ಮನುಷ್ಯರನ್ನು ಗುರುತಿಸುತ್ತಿದ್ದವು.

ಅನುಕೂಲವೇನೋ ಇತ್ತು. ತೊಂದರೆ ಒಂದೇ: ಹೊರಗಿನ ಡಬ್ಬಿ ಎಸೆದರೆ ಒಳಗಿನವೂ ಕಸಕ್ಕೆ ಹೋಗುತ್ತಿದ್ದವು. ಹಿರಿಯರು ತೀರಿಕೊಂಡರೆ ಅವರ ಖಾತೆ ಮುಚ್ಚುವ ಮೊದಲು ಒಳಗಿದ್ದವರನ್ನೆಲ್ಲ ಇನ್ನೊಬ್ಬರ ಒಳಗೆ ಸಾಗಿಸಬೇಕು. ಹೀಗೆ ಊರಿನಲ್ಲಿ ಒಂದು ಹೊಸ ಶಾಸ್ತ್ರವೇ ಹುಟ್ಟಿತು, ‘ಮಡಿಲು ಬದಲಿ’ ಎಂದು. ಹೆಣಕ್ಕೆ ನೀರು ಹಾಕುವುದಕ್ಕಿಂತ ಮೊದಲು ಅದು ಮುಗಿಯಬೇಕು. ಯಾರ ಒಳಗೆ ಯಾರು ಹೋಗಬೇಕೆಂದು ಅಣ್ಣತಮ್ಮಂದಿರು ಜಗಳಾಡುತ್ತ ಹೊತ್ತು ಮೀರಿಸಿಕೊಂಡ ಒಂದು ಮನೆ ತೆಂಗಿನಕಾಯಿ ಬಜಾರದ ಹಿಂದೆ ಈಗಲೂ ಇದೆ. ಮನೆಯವರೂ ಇದ್ದಾರೆ. ಆದರೆ ಅವರು ಬಂದರೆ ಅಂಗಡಿಯ ಬಾಗಿಲು ಸರಿಯುವುದಿಲ್ಲ, ಬಸ್ಸು ನಿಲ್ಲುವುದಿಲ್ಲ. ಮೊದಮೊದಲು ಜನ ಅವರನ್ನು ಮಾತಾಡಿಸುತ್ತಿದ್ದರು. ಈಗ ಅವರು ‘ಆರಾಮ?’ ಎಂದು ಕೇಳಿದರೆ ಗಾಳಿ ಬೀಸಿತೆಂಬಂತೆ ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ.

ಮನೆತನ ಕೇಂದ್ರದಲ್ಲಿ ಈ ಮಡಿಲು ಬದಲಿಯ ಕೆಲಸ ಮಾಡುತ್ತಿದ್ದವಳು ಶಿವಲೀಲಾ. ಅವಳ ಗಂಡ ಚನ್ನವೀರ ಮದುವೆ ಮುಂಜಿಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದ. ಮಿಕ್ಸರ್, ಮಂತ್ರಿ, ಮುನಿಸಿಕೊಂಡ ಬೀಗರು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಅವನ ಅಪ್ಪ ಬಸಲಿಂಗಪ್ಪ ಆ ಮನೆಯ ಯಜಮಾನ. ಆತನ ಡಬ್ಬಿಯ ಒಳಗೆ ಮಗ, ಸೊಸೆ ಇಬ್ಬರೂ.

ಶಿವಲೀಲಾಳಿಗೆ ಹೆರಿಗೆ ನೋವು ಬಂದ ದಿನವೇ ಬಸಲಿಂಗಪ್ಪ ತೀರಿಕೊಂಡ. ಸಾವು, ಹುಟ್ಟು ಒಟ್ಟಿಗೆ ಬಂದ ಮನೆಗೆ ಮಡಿಲು ಬದಲಿಗೆ ತೊಟ್ಟಿಲ ಶಾಸ್ತ್ರದವರೆಗೆ ಕೇಂದ್ರ ರಿಯಾಯಿತಿ ಕೊಡುತ್ತಿತ್ತು, ಹಾಗಾಗಿ ಮುದುಕನ ಖಾತೆ ಇನ್ನೂ ತೆರೆದೇ ಇತ್ತು. ದವಾಖಾನೆಯವರು ಗಂಡು ಕೂಸನ್ನು ‘ಚನ್ನವೀರನ ಮಗ’ ಎಂದು ಗುರುತು ಹಾಕಿ ಕಳಿಸಿದರು. ಹೆಸರಿನ ಜಾಗ ಖಾಲಿ ಇತ್ತು.

ಹೆಸರಿಡುವ ಹಕ್ಕು ಸೋದರತ್ತೆಯದು. ಚನ್ನವೀರನ ಅಕ್ಕ ಸಾವಂತ್ರೆವ್ವ ಹೊಸ ಇಳಕಲ್ ಸೀರೆಯುಟ್ಟು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದಳು. ಸುತ್ತ ನಿಂತ ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ದಬದಬ ಗುದ್ದಿದರು. ಆಗ ತೊಟ್ಟಿಲು, ಪಠ್ಯಪುಸ್ತಕದಿಂದ ಎದ್ದು ಬಂದಂಥ ತನ್ನ ಕನ್ನಡದಲ್ಲಿ ಕೇಳಿತು:

“ಇವರು ಹೊಸ ಸದಸ್ಯರೇ, ಈಗಾಗಲೇ ಇರುವ ಸದಸ್ಯರೇ?”

“ಹೊಸಬಾ ಯಾಕಾದಾನ?” ಸಾವಂತ್ರೆವ್ವನ ಕಣ್ಣಲ್ಲಿ ನೀರಿತ್ತು. “ನಮ್ಮಪ್ಪನ ತಿರುಗಿ ಬಂದಾನ. ಆ ಹಣಿ ನೋಡ್ರಿ, ಆ ಕಿವಿ ನೋಡ್ರಿ. ಇಂವಾ ಬಸಲಿಂಗಪ್ಪನ!”

“ಈಗಾಗಲೇ ಇರುವ ಬಸಲಿಂಗಪ್ಪ ಅವರೇ ಎಂದು ಖಚಿತಪಡಿಸುವಿರಾ?”

“ಹೌದ್ ಹೌದು, ಎಷ್ಟ್ ಸಲ ಹೇಳೂದು!”

“ಸ್ವಾಗತ, ಯಜಮಾನರೇ,” ಎಂದಿತು ತೊಟ್ಟಿಲು.

ಎಲ್ಲರೂ ನಕ್ಕರು. ಬಾಣಂತಿ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ ಶಿವಲೀಲಾಳಿಗೆ ನಗು ಮಾತ್ರ ಕೇಳಿಸಿತು.

ಮೊದಲು ಎಲ್ಲ ತಮಾಷೆಯಾಗಿಯೇ ಇತ್ತು. ಬೆಳಿಗ್ಗೆ ಕೂಸು ಕಣ್ಣು ಬಿಟ್ಟರೆ ರೇಡಿಯೊ ತಾನಾಗಿ ಪೇಟೆ ಧಾರಣೆ ಓದುತ್ತಿತ್ತು, ಮುದುಕ ಕೇಳುತ್ತಿದ್ದ ಹಾಗೆ. ಮಧ್ಯಾಹ್ನ ಅಡುಗೆಮನೆಯ ಯಂತ್ರ ಸಕ್ಕರೆ ಹಾಕದ ಚಹಾ ಮಾಡಿ, “ಯಜಮಾನರಿಗೆ ಆರಿಸಿ ಕೊಡಿ” ಎನ್ನುತ್ತಿತ್ತು. ಚನ್ನವೀರ ಅದರ ಧಾಟಿಯನ್ನೇ ಹಿಡಿದು, “ಯಜಮಾನರು ಲಂಗೋಟಿಯಲ್ಲಿ ಕಾರ್ಯಕ್ರಮ ಮುಗಿಸಿದ್ದಾರೆ, ಬದಲಾಯಿಸಿ” ಎಂದು ಹೆಂಡತಿಯನ್ನು ನಗಿಸುತ್ತಿದ್ದ.

ಲಸಿಕೆ ಹಾಕಿಸಲು ದವಾಖಾನೆಗೆ ಹೋದ ದಿನ ನಗು ನಿಂತಿತು. ಸೂಜಿಯ ಯಂತ್ರ ಕೂಸಿನ ಕಣ್ಣು ನೋಡಿ ಲಸಿಕೆ ಕೊಡಲಿಲ್ಲ. ರಕ್ತದೊತ್ತಡದ ಗುಳಿಗೆಯ ಪೊಟ್ಟಣ ಕೆಳಗೆ ಹಾಕಿ, “ಮಂಡಿ ನೋವು ಹೇಗಿದೆ?” ಎಂದು ಕೇಳಿತು. ನರ್ಸಮ್ಮ ಕೂಸನ್ನು ನೋಡಿದಳು, ಸ್ಕ್ರೀನನ್ನು ನೋಡಿದಳು. ಆಮೇಲೆ ಸ್ಕ್ರೀನನ್ನೇ ನಂಬಿದಳು.

“ಅಜ್ಜಾರನ್ನ ಹಿಂಗ್ಯಾಕ ಎತ್ತಿಕೊಂಡೀರಿ? ಇಳಸ್ರಿ, ಕುಂದರ್ಲಿ,” ಎಂದಳು.

ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ಶಿವಲೀಲಾ ಕೂಸನ್ನು ಇನ್ನಷ್ಟು ಅವುಚಿಕೊಂಡಳು.

ಅವಳು ಬಾಣಂತನ ಬಿಟ್ಟು ಮರುದಿನವೇ ಕೇಂದ್ರಕ್ಕೆ ಓಡಿದಳು. ಅಲ್ಲಿಯ ಮೇಲಧಿಕಾರಿ ಉಳ್ಳಾಗಡ್ಡಿ ಸಾಹೇಬರು ಅಡ್ಡಹೆಸರಿಗೆ ಒಪ್ಪುವ ಮನುಷ್ಯ. ಅವರೊಡನೆ ಒಂದು ವಿಷಯ ಸುಲಿದರೆ ಒಳಗೆ ಇನ್ನೊಂದು, ಕೊನೆಗೆ ಕೈಗೆ ಏನೂ ಸಿಗದೆ ಕಣ್ಣಲ್ಲಿ ನೀರು. ಅಂದು ಮಾತ್ರ ಅವರು ಒಂದು ಮಾತೂ ಆಡದೆ ಗೋಡೆಯ ದೊಡ್ಡ ಸ್ಕ್ರೀನಿನ ಕಡೆ ಕೈ ತೋರಿಸಿದರು.

ಕೇಂದ್ರದಲ್ಲಿ ‘ಸಾಣಿಗಿ’ ಎಂಬ ಒಂದು ಪ್ರೋಗ್ರಾಂ ಇತ್ತು. ಅದು ಯಾವುದಾದರೂ ಖಾತೆಯನ್ನು ಹಿಡಿದು ‘ನಿನ್ನಪ್ಪ ಯಾರು, ಅವನಪ್ಪ ಯಾರು’ ಎಂದು ಮೇಲೇರುತ್ತ ಹೋಗುತ್ತದೆ. ಮೇಲೆ ಯಾರೂ ಇಲ್ಲದ ಮೂಲಪುರುಷ ಸಿಕ್ಕಾಗ ನಿಲ್ಲುತ್ತದೆ. ದಾರಿಯಲ್ಲಿ ದಿಕ್ಕಿಲ್ಲದ ಖಾತೆಗಳು ಸಿಕ್ಕರೆ ಜರಡಿ ಹಿಡಿದು ತೆಗೆದಿಡುತ್ತದೆ, ತಕ್ಕ ಹಿರಿಯರು ಸಿಕ್ಕಾಗ ಅವರ ಒಳಗೆ ಹಾಕಲು. ಸ್ಕ್ರೀನಿನಲ್ಲಿ ಅದೀಗ ಏರುತ್ತಿತ್ತು. ಬಸಲಿಂಗಪ್ಪ, ಅವನ ಮೇಲೆ ಚನ್ನವೀರ, ಅವನ ಮೇಲೆ ಬಸಲಿಂಗಪ್ಪ, ಅವನ ಮೇಲೆ ಚನ್ನವೀರ. ಎರಡು ಹೆಸರು ಒಂದರ ಮೇಲೊಂದು ಹತ್ತುತ್ತಲೇ ಇದ್ದವು. ಸ್ಕ್ರೀನಿನ ತುದಿ ಮುಟ್ಟಿ ಮಾಯವಾಗಿ, ಕೆಳಗಿನಿಂದ ಮತ್ತೆ ಹುಟ್ಟುತ್ತಿದ್ದವು.

“ಕೂಸಿಗೆ ಅಜ್ಜನ ಖಾತೆ ಕೊಟ್ಟೀರಿ. ಕೂಸಿನ ಅಪ್ಪ ಅಂತ ಚನ್ನವೀರನ ಹೆಸರು ಮೊದಲ ಬಿದ್ದಿತ್ತು,” ಎಂದರು ಸಾಹೇಬರು. “ಈಗ ಚನ್ನವೀರ ಅಜ್ಜನ ಒಳಗ, ಅಜ್ಜ ಚನ್ನವೀರನ ಒಳಗ. ಯಾವ ಡಬ್ಬಿ ಹೊರಗಿಂದು ಅಂತ ಯಾರಿಗೂ ಹೇಳಾಕ ಬರಂಗಿಲ್ಲ.”

“ಮನೆತನ ಇದಕ್ಕ ಹೆಂಗ ಒಪ್ಪಿತ್ರೀ ಸಾಹೇಬ್ರ? ತಪ್ಪು ಹಿಡೀಬೇಕಿತ್ತಲ್ಲ?”

“ತನಗ ತಾನ ಅಪ್ಪ ಆಗಬಾರದು ಅಂತಷ್ಟ ನೋಡತೈತಿ. ತನ್ನ ಅಪ್ಪಗ ತಾನ ಅಪ್ಪ ಆಗಬಹುದು ಅನ್ನೂದು ಅದನ್ನ ಬರದವರ ತಲ್ಯಾಗ ಬಂದಿಲ್ಲ. ಅವರ ಊರಾಗ ಅಜ್ಜಗೋಳು ತಿರುಗಿ ಬರೂದಿಲ್ಲ ಕಾಣಸ್ತೈತಿ.” ಅವರು ಕನ್ನಡಕ ತೆಗೆದು ಒರೆಸಿದರು. “ಸಾಣಿಗಿ ಸುತ್ತಿ ಸುತ್ತಿ ಸರ್ವರ್ ಕಾದು ಕುಂತೈತಿ. ಇಡೀ ಊರಿನ ನಲ್ಲಿ ಸಣ್ಣಾಗ್ಯಾವು. ಸಂಜಿ ದೀಪ ಹಚ್ಚೂ ಹೊತ್ತಿಗೆ ಸುತ್ತಾಕತ್ತಿದ ಖಾತೆ ಮುಚ್ಚಿ ಬಿಡ್ತೀವಿ ಅಂತ ಮ್ಯಾಲಿನವರು ಹೇಳ್ಯಾರ.”

ಬಸಲಿಂಗಪ್ಪನನ್ನು ಮುಚ್ಚಿದರೆ ಒಳಗಿನ ಚನ್ನವೀರ ಹೋಗುತ್ತಾನೆ, ಶಿವಲೀಲಾ ಹೋಗುತ್ತಾಳೆ. ಕೂಸಂತೂ ಬಸಲಿಂಗಪ್ಪನೇ. ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಜಾರದ ಹಿಂದಿನ ಆ ಮನೆಯ ಹೆಂಗಸು ಒಮ್ಮೆ ತನ್ನ ಮುಂದೆ ನಿಂತು ಬಾಯಿ ಆಡಿಸಿದ್ದನ್ನು, ತಾನು ಹಾದು ಹೋದದ್ದನ್ನು ಅವಳು ನೆನೆದಳು.

“ಚನ್ನವೀರನ್ನ ಅಜ್ಜನ ಒಳಗಿಂದ ತಗದ್ರ? ನಾನ ಮಾಡತೀನಿ, ಈಗ.”

“ತಗೀಬೇಕಂದ್ರ ಅಜ್ಜ ಒಪ್ಪಬೇಕು. ಸತ್ತವರ ಪರವಾಗಿ ಕೇಂದ್ರ ಹೂಂ ಅನ್ನಬಹುದು. ಇಂವಾ ಸತ್ತಿಲ್ಲ, ಉಸಿರಾಡಾಕತ್ತಾನ. ತಾನ ಬಾಯಿಬಿಟ್ಟು ಹೇಳಬೇಕು.”

“ಮಾತ ಬರದ ಕೂಸದು!”

“ಸರ್ವರ್‌ಗೆ ಅದು ಮನಿ ಯಜಮಾನ, ತಂಗೀ.”

“ಹಂಗಾರ ಕೂಸನ್ನ ನಮ್ಮ ಸಾವಂತ್ರೆವ್ವನ ಒಳಗ ಹಾಕ್ರಿ.”

“ಹಿರಿಯಾನ್ನ ಇನ್ನೊಂದು ಮನಿತನದಾಗ ಹಾಕಾಕ ಬರೂದಿಲ್ಲ. ಮುದುಕರಿಗೆ ಅವಮಾನ ಆಗಬಾರದು ಅಂತ ನಾವ ಬರಿಸಿದ ನಿಯಮ.” ಸಾಹೇಬರು ದನಿ ತಗ್ಗಿಸಿದರು. “ಇರೂದು ಇನ್ನೊಂದ ಕೊಂಡಿ. ಚನ್ನವೀರನ ಒಳಗಿಂದ ಕೂಸನ್ನ ಬಿಡಿಸೂದು. ಅದಕ್ಕ ಚನ್ನವೀರ ಒಪ್ಪಿದ್ರ ಸಾಕು. ಇಂವಾ ನನ್ನ ಮಗ ಅಲ್ಲ ಅಂತ ಅವನ ಧಾಟಿಯೊಳಗ ಅನ್ನಬೇಕು. ಆಮ್ಯಾಲ ಕೂಸಿನ ಮ್ಯಾಲ ಯಾರೂ ಇರೂದಿಲ್ಲ.”

“ನಾವು?”

“ನೀವು ಅದರ ಕೆಳಗ ಇರ್ತೀರಿ. ಇರ್ತೀರಿ, ಅದು ಮುಖ್ಯ.”

ಮನೆಗೆ ಬಂದಾಗ ಒಳಗೆಲ್ಲ ಪಿಸುಮಾತು ತುಂಬಿತ್ತು. ಬಾಗಿಲು, ಫ್ಯಾನು, ಅಡುಗೆಮನೆಯ ಯಂತ್ರ, ತೊಟ್ಟಿಲು, ಎಲ್ಲವೂ ತಾವು ಯಾರ ಮನೆಯವೆಂಬ ದಾರಿ ಹುಡುಕುತ್ತ ಒಂದೇ ಸಮನೆ ಹೇಳಿಕೊಳ್ಳುತ್ತಿದ್ದವು. “ಬಸಲಿಂಗಪ್ಪ ಅವರ ಒಳಗಿನ ಚನ್ನವೀರ ಅವರ ಒಳಗಿನ ಬಸಲಿಂಗಪ್ಪ ಅವರ ಒಳಗಿನ...” ಅದಕ್ಕೆ ಉಸಿರು ಬೇಕಾಗಿರಲಿಲ್ಲ, ಪೂರ್ಣವಿರಾಮವೂ ಬೇಕಾಗಿರಲಿಲ್ಲ. ಚನ್ನವೀರ ತೊಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕೂಸು ಆ ಪಿಸುಮಾತಿನ ಲಯಕ್ಕೆ ಕಾಲು ಆಡಿಸುತ್ತಿತ್ತು.

ಅವಳು ಎಲ್ಲ ಹೇಳಿದಳು. ಅವನು ಕೇಳಿ, “ಅಪ್ಪನ ಒಪ್ಪಿಗಿ ಬೇಕೇನ? ಅಷ್ಟ ಹೌದಲ್ಲೊ?” ಎಂದ. ಕಣ್ಣಲ್ಲಿ ಸ್ಟೇಜಿನ ಹೊಳಪು ಬಂತು. ಮನೆತನ ಗಂಟಲು ನೋಡುತ್ತಿರಲಿಲ್ಲ. ನೆಗಡಿಗೆ, ವಯಸ್ಸಿಗೆ ಗಂಟಲು ಬದಲಾಗುತ್ತದೆಂದು ಅದು ಮಾತಿನ ಧಾಟಿ ನೋಡುತ್ತಿತ್ತು: ಎಲ್ಲಿ ಎಳೆಯುತ್ತಾರೆ, ಎಲ್ಲಿ ಕಡಿಯುತ್ತಾರೆ, ಎಲ್ಲಿ ಉಸಿರು ತಗೊಳ್ಳುತ್ತಾರೆ ಎಂಬುದನ್ನು. ಧಾಟಿ ಎಂದರೆ ಚನ್ನವೀರನ ಹೊಟ್ಟೆಪಾಡು.

ಅವನು ಎದ್ದು ಗೋಡೆಗೆ ಒರಗಿ, ಒಂದು ಹೆಗಲು ಇಳಿಬಿಟ್ಟು, ಕಫ ಕೆದರಿಕೊಂಡು ಅಂದ: “ಹಾಂ... ಒಯ್ರೆಪಾ, ಚನ್ನ್ಯಾನ್ನ ಒಯ್ರಿ. ಏನ್ ಕಡದು ಕಟ್ಟಿ ಹಾಕ್ಯಾನ ಇಲ್ಲೆ.”

ಶಿವಲೀಲಾಳ ಕೈ ತಾನಾಗಿ ತಲೆಯ ಮೇಲಿನ ಸೆರಗಿಗೆ ಹೋಯಿತು. ಮಾವ ಕೋಣೆಯಲ್ಲಿದ್ದ.

ಪಿಸುಮಾತು ಒಂದು ಕ್ಷಣ ನಿಂತಿತು. “ಇದು ಬಸಲಿಂಗಪ್ಪ ಅವರ ಹಿಂದಿನ ಧಾಟಿ. ಈಗಿನ ಧಾಟಿಯಲ್ಲಿ ಹೇಳಿರಿ,” ಎಂದಿತು ತೊಟ್ಟಿಲು.

“ಈಗಿನ ಧಾಟಿ ಅಂದ್ರ?” ಎಂದ ಚನ್ನವೀರ. ಆಮೇಲೆ ಹೊಳೆದು, ತೊಟ್ಟಿಲಿಗೆ ಬಾಗಿ, ತನ್ನ ಕೂಸಿನ ಅಳುವನ್ನು ಅತ್ತ. ಮೊದಲು ಬಿಕ್ಕಿ, ಉಸಿರು ಕಟ್ಟಿ, ಕೊನೆಗೆ ಎಳೆದು. ತೊಟ್ಟಿಲಿನ ಕೂಸು ಬೆರಗಾಗಿ ತನ್ನನ್ನೇ ಕೇಳಿಸಿಕೊಂಡಿತು.

“ಯಜಮಾನರು ಅತ್ತಿದ್ದಾರೆ. ಅಳು ಒಪ್ಪಿಗೆಯಲ್ಲ. ಮಾತು ಬೇಕು.”

ಮತ್ತೆ ಶುರುವಾಯಿತು: ಅವರ ಒಳಗಿನ, ಅವರ ಒಳಗಿನ.

ಕಿಟಕಿಯಾಚೆ ಬಿಸಿಲು ಎದುರು ಮನೆಯ ಗೋಡೆಯ ಮೇಲಿಂದ ಇಳಿಯುತ್ತಿತ್ತು. “ಆತು,” ಎಂದಳು ಶಿವಲೀಲಾ. “ಆ ಮಾತ ಅಂದ ಬಿಡ್ರಿ.”

“ಅಂತೀನಿ. ಬರೇ ಮಾತು ಹೌದಲ್ಲೊ? ದಿನಾ ಎಷ್ಟ ಸುಳ್ಳ ಹೇಳಿ ಉಂಡಿಲ್ಲ ನಾ.” ಅವನು ಗಂಟಲು ಸರಿಮಾಡಿಕೊಂಡ. “ಇಂವಾ ನನ್ನ ಮಗ ಅಲ್ಲ.”

“ಧಾಟಿ ಚನ್ನವೀರ ಅವರದಲ್ಲ.”

“ನಂದ ಐತಿ! ಇಂವಾ, ಇಂವಾ ನನ್ನ...”

“ಧಾಟಿ ಚನ್ನವೀರ ಅವರದಲ್ಲ.”

ಅವನು ಮತ್ತೆ ಮತ್ತೆ ಅಂದ. ಒಮ್ಮೆ ಮಂತ್ರಿಯ ಹಾಗೆ ಬಂತು, ಒಮ್ಮೆ ಉಳ್ಳಾಗಡ್ಡಿ ಸಾಹೇಬರ ಹಾಗೆ, ಒಮ್ಮೆ ಎಲ್ಲೋ ಕೇಳಿದ ಬೀಗರ ಹಾಗೆ. ಆ ಮಾತು ಬಾಯಿಗೆ ಬಂದ ಕೂಡಲೇ ಯಾರ ಯಾರ ಹಿಂದೆಯೋ ಹೋಗಿ ಅಡಗಿಕೊಳ್ಳುತ್ತಿತ್ತು. ಬೆವರಿನಲ್ಲಿ ತೊಯ್ದು ಅವನು ಹೆಂಡತಿಯ ಕಡೆ ತಿರುಗಿದ. “ಲೀಲಾ, ನಾ ಹೆಂಗ ಮಾತಾಡ್ತಿದ್ನೇ?”

ಅದು ಅವಳಿಗೆ ಗೊತ್ತಿತ್ತು. ಚಪ್ಪಲಿ ಬಿಡುತ್ತ ‘ಬಂದ್ನಿ’ ಎನ್ನುವುದು, ಸಾರು ಸಪ್ಪೆಯಾದರೆ ಮಾತಿನ ತಲೆಯನ್ನು ನುಂಗಿ ಬಾಲವನ್ನು ಮಾತ್ರ ಬಿಡುವುದು, ಸಿಟ್ಟು ಬಂದಾಗ ಕೊನೆಯ ಶಬ್ದವನ್ನು ನೆಲಕ್ಕೆ ಇಟ್ಟ ಹಾಗೆ ಇಡುವುದು. ಊರಿಗೆಲ್ಲ ಅವನು ಮಾಡಿ ತೋರಿಸಿದ್ದ. ಅವನನ್ನು ಯಾರೂ ಮಾಡಿ ತೋರಿಸಿರಲಿಲ್ಲ.

ಅವಳು ತೊಟ್ಟಿಲ ಹಗ್ಗ ಹಿಡಿದುಕೊಂಡಳು. ಕೂಸಿನ ಮುಖ ನೋಡಲಿಲ್ಲ. ಗಂಡ ಉಸಿರು ತಗೊಳ್ಳುವಲ್ಲಿ ಉಸಿರು ತಗೊಂಡು, ಅವನು ಕಡಿಯುವಲ್ಲಿ ಕಡಿದು, ಕೊನೆಯ ಶಬ್ದವನ್ನು ನೆಲಕ್ಕಿಟ್ಟಳು.

“ಇಂವಾ ನನ್ನ ಮಗ... ಅಲ್ಲ.”

“ಧಾಟಿ ಹೊಂದಿದೆ,” ಎಂದಿತು ತೊಟ್ಟಿಲು. “ಕೊಂಡಿ ಕಳಚಿದೆ. ಯಜಮಾನರ ಮೇಲೆ ಯಾರೂ ಇಲ್ಲ.”

ಮನೆ ಸ್ತಬ್ಧವಾಯಿತು. ಆಮೇಲೆ ಹಿತ್ತಿಲ ನಲ್ಲಿ ಭುಸ್ಸೆಂದು ನೀರು ಕಾರಿತು. ಓಣಿಯುದ್ದಕ್ಕೂ ಕೊಡಗಳ ಸದ್ದು, ಜನರ ನಗು. ಚನ್ನವೀರ ಗೋಡೆ ಹಿಡಿದು ಕೆಳಗೆ ಕೂತ. ಶಿವಲೀಲಾ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು, “ಹಸದಾನ ಇಂವಾ,” ಎಂದಳು. ಗಂಡನ ಹಾಗೆಯೇ ಮಾತಿನ ತಲೆ ನುಂಗಿ ಬಾಲ ಬಿಟ್ಟಿದ್ದಳು. ಗಂಡ ಬೆಚ್ಚಿ ನೋಡಿದ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಅವಳು ರಂಗೋಲಿ ಹಾಕಲು ಹೊರಗೆ ಬಂದರೆ ಗೇಟಿನಲ್ಲಿ ಒಬ್ಬ ಮುದುಕ ನಿಂತಿದ್ದ. ಬಿಳಿ ಮೀಸೆ, ಒಗೆದ ಧೋತರ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

“ಅಪ್ಪಾರು ಎದ್ದಾರೇನವಾ?” ಎಂದು ಕೇಳಿದ.

“ಯಾವ ಅಪ್ಪಾರು, ಅಜ್ಜಾ?”

“ಬಸಲಿಂಗಪ್ಪಾರು. ನಮ್ಮ ಅಪ್ಪಾರು.” ಮುದುಕ ಸಂಕೋಚದಿಂದ ಫೋನು ತೋರಿಸಿದ. “ನನ್ನ ಅಣ್ಣನ ಒಳಗ ಇದ್ನಿ. ಅಂವಾ ಹೋದಾಗ ನನ್ನ ಮಡಿಲು ಬದಲಿ ಮಾಡೂದ ಮರತ್ರು. ನಿನ್ನೆ ಸಂಜಿಗೆ ಇಲ್ಲಿ ಸೇರಿಸೇತಿ ನೋಡು. ಕಣ್ಣಿನ ಆಪರೇಶನ್ ಐತವಾ, ಅಪ್ಪಾರು ಹೂಂ ಅನ್ನಬೇಕಂತ.”

ಮುದುಕನ ಹಿಂದೆ ಇನ್ನೊಬ್ಬ ಇದ್ದ. ಅವನ ಹಿಂದೆ ಒಬ್ಬಳು ಹೆಂಗಸು, ಅವಳ ಹಿಂದೆ ಟೈ ಕಟ್ಟಿದ ಒಬ್ಬ. ಸಾಲು ಓಣಿಯ ತಿರುವಿನವರೆಗೆ ಹೋಗಿತ್ತು.

ಶಿವಲೀಲಾ ಕೇಂದ್ರಕ್ಕೆ ಫೋನು ಹಚ್ಚಿದಳು. “ಸಾಣಿಗಿ ಸುತ್ತೂದು ನಿಂತಿತಲ್ಲ,” ಎಂದರು ಉಳ್ಳಾಗಡ್ಡಿ ಸಾಹೇಬರು, ದನಿಯಲ್ಲಿ ಒಂದು ಬಗೆಯ ಭಕ್ತಿಯಿತ್ತು. “ಕಟ್ಟಿಕೊಂಡಿದ್ದ ಕೆಲಸ ಎಲ್ಲಾ ಒಮ್ಮಿಗೇ ಮಾಡೇತಿ. ದಿಕ್ಕಿಲ್ಲದವರನ್ನ ಒಬ್ಬ ಹಿರಿಯಾನ ಒಳಗ ಹಾಕಬೇಕಲ್ಲ? ಹುಟ್ಟಿದ ವರ್ಷ ನೋಡಿದ್ರ ನಿಮ್ಮ ಯಜಮಾನರು ಹಳಬರು. ಎದಿ, ಪುಪ್ಪಸ ನೋಡಿದ್ರ ಇನ್ನೂ ನೂರು ವರ್ಷ ಬಾಳ್ತಾರ. ಅಂಥಾ ಹಿರಿಯಾ ಊರಾಗ ಬ್ಯಾರೆ ಯಾರದಾರ, ತಂಗೀ? ಅಂದಂಗ, ನಮ್ಮ ಅಪ್ಪಗೂ ವಯಸ್ಸಾತು. ಮುಂದ ನಂದೂ...”

ಅವಳು ಫೋನು ಇಟ್ಟುಬಿಟ್ಟಳು. ಒಳಗೆ ಕೂಸು ಎದ್ದು ಅಳತೊಡಗಿತ್ತು. ಎದೆ ಕಟ್ಟಿ ಬಂತು, ರವಿಕೆ ಒದ್ದೆಯಾಯಿತು. ಅವಳು ತಿರುಗಿ ಮೆಟ್ಟಿಲು ಹತ್ತಿದಳು. ಬಾಗಿಲು ಮುಚ್ಚಿಕೊಂಡಿತ್ತು.

“ಮಕ್ಕಳೆಲ್ಲ ಸಾಲಾಗಿ ಬರಬೇಕು,” ಎಂದಿತು ಬಾಗಿಲು.

“ನಾ ಕೂಸಿನ ಅವ್ವ!”

“ಯಜಮಾನರ ಮೇಲೆ ಯಾರೂ ಇಲ್ಲ.”

ಒಳಗಿನಿಂದ ಚನ್ನವೀರ ಬಾಗಿಲು ಬಡಿಯುತ್ತ ಅವಳ ಹೆಸರು ಕೂಗುತ್ತಿದ್ದ. ಒಮ್ಮೆ ಒಬ್ಬರ ದನಿಯಲ್ಲಿ, ಒಮ್ಮೆ ಇನ್ನೊಬ್ಬರ ದನಿಯಲ್ಲಿ.

“ತಾಯವ್ವಾ, ನೀ ಮುಂದ ಹೋಗವಾ. ಕೂಸು ಅಳಾಕತ್ತೇತಿ,” ಎಂದು ಮುದುಕ ಪಕ್ಕಕ್ಕೆ ಸರಿದ. ಅವಳು ಅವನ ಜಾಗದಲ್ಲಿ ನಿಂತಳು. ಬಾಗಿಲು ತೆರೆಯಲಿಲ್ಲ. “ಸರದಿ ತಪ್ಪಿಸುವಂತಿಲ್ಲ,” ಎಂದಿತು. ಮುದುಕ ಮರಳಿ ಹೊಸ್ತಿಲಿಗೆ ಬಂದ ಕೂಡಲೇ ಸರಿದುಕೊಂಡಿತು. ಅವನು ಚಪ್ಪಲಿ ಬಿಟ್ಟು, ಅವಳ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಒಳಗೆ ಹೋದ. ಬಾಗಿಲು ಮುಚ್ಚಿತು. ತೊಟ್ಟಿಲು ಜೀಕುವ ಸದ್ದು ಬಂತು. ಮುದುಕನ ನಡುಗುವ ದನಿ ಬಂತು: “ಅಪ್ಪಾ... ಹೂಂ ಅನ್ನಪಾ, ನಮ್ಮಪ್ಪಾ.”

ಕೂಸು ಅಳು ನಿಲ್ಲಿಸಿ ಕೇಳುತ್ತಿತ್ತು. ಶಿವಲೀಲಾ ಸೆರಗಿನಿಂದ ಎದೆ ಮುಚ್ಚಿಕೊಂಡು, ನಿಂತವರ ಮುಖಗಳನ್ನು ಒಂದೊಂದಾಗಿ ಹಾದು, ಓಣಿಯ ತಿರುವಿನಲ್ಲಿ ಸಾಲಿನ ಕೊನೆಗೆ ಹೋಗಿ ನಿಂತಳು.